ಮಳೆಗಷ್ಟೇ ಮೀಸಲಾದ ದಾರಿ

ಬೇಸಿಗೆಯ ಕೊನೆ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನ ಬೆಳಗಿನ ವ್ಯಾಪಾರ ಇಳಿಮುಖವಾಗಿದೆ. ಸೇವಂತಿಗೆಯ ಮೂಟೆಗಳು ಖಾಲಿಯಾಗಿ, ಚೀಲಗಳನ್ನು ಕೊಡವಿ ಮಡಚಿಡುತ್ತಿದ್ದಾರೆ. ಹೂ ಬಾಡದಿರಲೆಂದು ಚಿಮುಕಿಸಿ ಉಳಿದ ನೀರನ್ನು ಬಕೆಟ್ಟಿನಿಂದ ರಸ್ತೆಗೆ ಚೆಲ್ಲಿದ್ದೇ ತಡ, ಹಳದಿ ಎಸಳು, ಬಾಳೆನಾರು, ಎಲೆಕೋಸಿನ ಹೊರಪದರ, ಟೀ ಕುಡಿದು ಬಿಸಾಡಿದ ಕಾಗದದ ಲೋಟ ಎಲ್ಲವೂ ಪಾದಚಾರಿ ಮಾರ್ಗದ ಅಂಚು ಹಿಡಿದು ಸಾಗತೊಡಗುತ್ತವೆ. ಅಂಚು ಮುಗಿಯುವಲ್ಲಿ ಒಂದು ಕಬ್ಬಿಣದ ಜಾಲರಿ. ಎಸಳುಗಳು ಸಂದಿನಲ್ಲಿ ಸಲೀಸಾಗಿ ಇಳಿದುಹೋಗುತ್ತವೆ, ಲೋಟ ಸಿಕ್ಕಿಕೊಳ್ಳುತ್ತದೆ. ಪೌರಕಾರ್ಮಿಕ ಮಹಿಳೆಯೊಬ್ಬರು ಬಂದು ಅದನ್ನು ಪೊರಕೆಯ ತುದಿಯಿಂದ ಎಬ್ಬಿಸಿ ಗಾಡಿಗೆ ಹಾಕಿಕೊಳ್ಳುತ್ತಾರೆ. "ಇಲ್ಲಿ ಸುರೀಬೇಡಿ ಅಂತ ದಿನಾ ಹೇಳ್ತೀನಲ್ಲಣ್ಣ." "ಬರೀ ಹೂವು ತಾನೇ ಅಕ್ಕಾ, ಕೊಳ್ತು ಹೋಗುತ್ತೆ ಬಿಡು."

ಆ ಜಾಲರಿಯೊಳಕ್ಕೆ ಏನೇನು ಇಳಿಯಬಹುದು ಎಂದು ಕಾನೂನಿನ ಪುಸ್ತಕ ತೆರೆದು ನೋಡಿದರೆ ಹೂವಿಗೂ ಅಲ್ಲಿ ಜಾಗವಿಲ್ಲ. ಮಾರುಕಟ್ಟೆಯ ನೀರಿಗೂ ಇಲ್ಲ, ಮನೆಯ ಬಚ್ಚಲಿಗೂ ಇಲ್ಲ. ಅದು ಮಳೆನೀರಿನ ದಾರಿ. ಬೀದಿಯ ಮೋರಿಯಿಂದ ಹಿಡಿದು ರಾಜಕಾಲುವೆಯವರೆಗೆ ಇಡೀ ಜಾಲ ಕಟ್ಟಿರುವುದು ಆಕಾಶದಿಂದ ಬಿದ್ದದ್ದನ್ನು ಸಾಗಿಸಲಿಕ್ಕೆ. ವರ್ಷದಲ್ಲಿ ಮಳೆ ಬರುವ ದಿನಗಳಿಗಿಂತ ಬಾರದ ದಿನಗಳೇ ಹೆಚ್ಚಿರುವ ಊರಿನಲ್ಲಿ ಈ ಕಾಲುವೆಗಳು ಬಹುಕಾಲ ಒಣಗಿಯೇ ಇರಬೇಕು. ಬೇಸಿಗೆಯಲ್ಲಿ ರಾಜಕಾಲುವೆಯ ಪಕ್ಕ ನಿಂತು ಮೂಗು ಮುಚ್ಚಿಕೊಂಡವರೆಲ್ಲ ಕಾನೂನಿನ ಉಲ್ಲಂಘನೆಯನ್ನು ಕಣ್ಣಾರೆ ಕಂಡವರೇ.

ಬೆಂಗಳೂರು ದಿಣ್ಣೆಯ ಮೇಲೆ ಕೂತ ಊರು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರ. ಪಕ್ಕದಲ್ಲಿ ದೊಡ್ಡ ಹೊಳೆಯಿಲ್ಲ. ದಿಣ್ಣೆಯ ಪಡುವಣ ಇಳಿಜಾರಿಗೆ ಬಿದ್ದ ಹನಿ ವೃಷಭಾವತಿ ಕಣಿವೆಗಿಳಿದು, ಅರ್ಕಾವತಿ ಸೇರಿ ಕಾವೇರಿಯ ಪಾಲಾಗುತ್ತದೆ. ಮೂಡಣಕ್ಕೆ ಬಿದ್ದದ್ದು ಕೋರಮಂಗಲ–ಚಲ್ಲಘಟ್ಟ ಕಣಿವೆಯನ್ನೋ ಹೆಬ್ಬಾಳ ಕಣಿವೆಯನ್ನೋ ಹಿಡಿದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಹೊಳೆ ಇಲ್ಲದ ಕಾರಣಕ್ಕೇ ಹಿಂದಿನವರು ಈ ಕಣಿವೆಗಳಲ್ಲಿ ಸಾಲುಸಾಲಾಗಿ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ತೂಬು ಎತ್ತಿ ಗದ್ದೆಗೆ ನೀರು ಬಿಡಲು ನೀರಗಂಟಿ. ಕೋಡಿಯ ಕಾಲುವೆಗೆ ಅಡ್ಡ ಕಟ್ಟುವುದಾಗಲಿ, ಹೊಲಸು ಹಾಕುವುದಾಗಲಿ ಕೆಳಗಿನ ಊರಿನವರ ಜಗಳಕ್ಕೆ ದಾರಿ. ಬರೆದ ನಿಯಮ ಇಲ್ಲದಿದ್ದ ಕಾಲದಲ್ಲೂ ಕಾವಲು ಇತ್ತು, ಏಕೆಂದರೆ ಆ ನೀರಿಗೆ ಕಾಯುವವರಿದ್ದರು.

ಕೆರೆಗಳು ಹೋದವು, ಇಳಿಜಾರು ಉಳಿಯಿತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಕೋರಮಂಗಲದ ಕೆರೆಯಂಗಳ ರಾಷ್ಟ್ರೀಯ ಕ್ರೀಡಾಗ್ರಾಮಕ್ಕೆ, ಚಲ್ಲಘಟ್ಟದ್ದು ಗಾಲ್ಫ್ ಮೈದಾನಕ್ಕೆ ಸಂದವು. ಮಾರುಕಟ್ಟೆ ಇರುವ ಜಾಗದಲ್ಲೇ ಹಿಂದೆ ಸಿದ್ದಿಕಟ್ಟೆ ಎಂಬ ಕೆರೆಯಿತ್ತು. ಇವನ್ನು ಜೋಡಿಸುತ್ತಿದ್ದ ಕಾಲುವೆಗಳ ಪಾಡೂ ಅಷ್ಟೆ. 2021ರಲ್ಲಿ ಹೊರಬಂದ ಮಹಾಲೇಖಪಾಲರ (ಸಿಎಜಿ) ವರದಿಯ ಪ್ರಕಾರ, 20ನೇ ಶತಮಾನದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ ಸುಮಾರು 113 ಕಿ.ಮೀ. ಇದ್ದ ಕಾಲುವೆಗಳ ಉದ್ದ 2016–17ರ ಹೊತ್ತಿಗೆ 63 ಕಿ.ಮೀ. ಆಸುಪಾಸಿಗೆ ಇಳಿದಿತ್ತು, ವೃಷಭಾವತಿ ಕಣಿವೆಯಲ್ಲಿ 226 ಕಿ.ಮೀ. ಇದ್ದದ್ದು ಅರ್ಧವಾಗಿತ್ತು. ಅಳಿದುಳಿದ ಕಾಲುವೆಗೆ ಇಕ್ಕೆಲದಲ್ಲೂ ಕಾಂಕ್ರೀಟ್ ಗೋಡೆ, ಎಷ್ಟೋ ಕಡೆ ತಳಕ್ಕೂ ಕಾಂಕ್ರೀಟ್. ನೀರು ಮಣ್ಣಿಗಿಳಿಯುವ ದಾರಿ ಮುಚ್ಚಿತು. ಮುಂದಕ್ಕೆ ಓಡುವುದೊಂದೇ ಉಳಿಯಿತು.

ಶಾಂತಿನಗರದ ಬಳಿ ಸೇತುವೆಯ ಮೇಲೆ ನಿಂತು ಕಾಲುವೆಗೆ ಇಣುಕಿದರೆ ನಡುವೆ ಅಲ್ಲಲ್ಲಿ ದುಂಡನೆಯ ಕಾಂಕ್ರೀಟ್ ಕಂಬಗಳಂಥವು ಕಾಣುತ್ತವೆ. ಸೇತುವೆಯ ಕಂಬ ಇರಬೇಕು ಎಂದುಕೊಂಡರೆ ತಪ್ಪು, ಮೇಲೇನೂ ಇಲ್ಲ. ಅವು ಒಳಚರಂಡಿಯ ಮ್ಯಾನ್‌ಹೋಲ್‌ಗಳು. ಕೊಳಚೆ ನೀರೂ ಇಳಿಜಾರನ್ನೇ ಹುಡುಕಬೇಕಾದ್ದರಿಂದ ಜಲಮಂಡಳಿಯ ದೊಡ್ಡ ಕೊಳವೆಗಳು ಅನೇಕ ಕಡೆ ರಾಜಕಾಲುವೆಯ ಪಾತ್ರದಲ್ಲೇ, ಅದರ ಪಕ್ಕದಲ್ಲೇ ಸಾಗಿವೆ. ಮೇಲೆ ಮಳೆನೀರಿನ ಕಾಲುವೆ, ಅದರ ಒಡಲಲ್ಲಿ ಮಲಿನ ನೀರಿನ ಕೊಳವೆ. ಬೆಂಗಳೂರಿನ ವ್ಯವಸ್ಥೆ ಇವೆರಡನ್ನೂ ಬೇರೆಬೇರೆ ಎಂದೇ ಪರಿಗಣಿಸುತ್ತದೆ. ರಾಜಕಾಲುವೆ ಪಾಲಿಕೆಯ ಹೊಣೆ, ಒಳಚರಂಡಿ ಜಲಮಂಡಳಿಯದ್ದು. ಕಾಗದದಲ್ಲಿ ಸ್ಪಷ್ಟವಾಗಿರುವ ಈ ಗೆರೆ ಕಾಲುವೆಯಲ್ಲಿ ಕಾಣುವುದಿಲ್ಲ. ಮ್ಯಾನ್‌ಹೋಲಿನ ಕುತ್ತಿಗೆ ಒಡೆದಿದೆ, ಅಲ್ಲಿಂದ ಬೂದು ನೀರು ಬಳುಕುತ್ತ ಇಳಿಯುತ್ತಿದೆ. ಗೋಡೆಯುದ್ದಕ್ಕೂ ನಾಲ್ಕಿಂಚಿನ ಪಿವಿಸಿ ಪೈಪುಗಳು ಹಿತ್ತಿಲಿಂದ ತಲೆ ಹಾಕಿವೆ. ಒಂದರಿಂದ ಸೋಪಿನ ನೊರೆ ಬರುತ್ತಿದ್ದರೆ ಇನ್ನೊಂದರಿಂದ ಏನು ಬರುತ್ತಿದೆಯೆಂದು ಹೇಳಬೇಕಿಲ್ಲ.

ಈ ಪೈಪುಗಳ ಜಾಡು ಹಿಡಿದು ಹಿಂದಕ್ಕೆ ಹೋದರೆ ಯಾವುದೋ ಒಂದು ಬೀದಿ ಸಿಗುತ್ತದೆ. ಯಾವ ಬಡಾವಣೆಯದಾದರೂ ಸರಿ, ಚಿತ್ರ ಹೆಚ್ಚು ಬದಲಾಗದು.

ಬೀದಿಯ ತಲೆಯಲ್ಲಿ ದರ್ಶಿನಿ. ಹಿಂಬದಿಯ ಓಣಿಯಲ್ಲಿ ಇಬ್ಬರು ಹುಡುಗರು ಕುಕ್ಕರಗಾಲಿನಲ್ಲಿ ಕೂತು ಸ್ಟೀಲ್ ತಟ್ಟೆಗಳನ್ನು ತಿಕ್ಕುತ್ತಿದ್ದಾರೆ. ಸಾಂಬಾರಿನ ಎಣ್ಣೆ, ವಡೆಯ ಜಿಡ್ಡು, ಚಟ್ನಿಯ ಒಗ್ಗರಣೆ, ಪಾತ್ರೆ ಪುಡಿಯ ನೊರೆ ಸೇರಿ ಕಲ್ಲುಚಪ್ಪಡಿಯ ಸಂದಿಯಿಂದ ಮೋರಿಗೆ. ಬಿಸಿಯಿದ್ದಾಗ ಎಣ್ಣೆ ನೀರಿನ ಜೊತೆ ಹರಿಯುತ್ತದೆ; ನಾಲ್ಕು ಮಾರು ಹೋಗುವಷ್ಟರಲ್ಲಿ ತಣಿದು ಮೋರಿಯ ಗೋಡೆಗೆ ಅಂಟುತ್ತದೆ. ಆ ಅಂಟಿಗೆ ಪ್ಲಾಸ್ಟಿಕ್ ಕವರು ಹತ್ತುತ್ತದೆ, ಕವರಿಗೆ ಮಣ್ಣು, ಮಣ್ಣಿಗೆ ಎಲೆ. ಹೋಟೆಲಿನ ಪಾತ್ರೆ ನೀರು ಜಿಡ್ಡು ತಡೆಯುವ ಚೇಂಬರ್ ದಾಟಿ ಒಳಚರಂಡಿಗೆ ಹೋಗಬೇಕು. ಆದರೆ ಮೋರಿ ಹತ್ತಿರ, ಚೇಂಬರ್ ತೊಳೆಸುವ ಖರ್ಚು ದೂರದ ಮಾತು.

ಪಕ್ಕದಲ್ಲೇ ಬೈಕ್ ಗ್ಯಾರೇಜು. ಹುಡುಗ ಎಂಜಿನ್ನಿನ ಬುಡದ ಬೋಲ್ಟು ಬಿಚ್ಚಿ ಹಳೇ ಆಯಿಲನ್ನು ಅಡ್ಡ ಸೀಳಿದ ಕ್ಯಾನಿಗೆ ಇಳಿಸುತ್ತಾನೆ. ಕ್ಯಾನಿನದನ್ನು ಡ್ರಮ್ಮಿಗೆ ಸುರಿದಿಟ್ಟು ಮಾರುವವರೇ ಹೆಚ್ಚು. ಹಳೇ ಆಯಿಲಿಗೂ ಬೆಲೆಯಿದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಅದು ಸೇರಬೇಕಾದ್ದು ಪರವಾನಗಿ ಪಡೆದ ಮರುಸಂಸ್ಕರಣೆದಾರರಿಗೆ. ಆದರೆ ನೆಲಕ್ಕೆ ಸೋರಿದ್ದು, ಚೈನ್ ತೊಳೆದ ಸೀಮೆಎಣ್ಣೆ, ವಾಟರ್ ಸರ್ವಿಸ್‌ನ ಕಪ್ಪು ನೀರು ಯಾವ ಡ್ರಮ್ಮಿಗೂ ಸೇರುವುದಿಲ್ಲ. ಮೋರಿಯ ನಿಂತ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಮೂಡಿದ್ದರೆ ಆಸುಪಾಸಿನಲ್ಲಿ ಗ್ಯಾರೇಜಿದೆ ಎಂದೇ ಲೆಕ್ಕ.

ಮುಂದೆ ಕೋಳಿ ಅಂಗಡಿ. ಪುಕ್ಕ, ಕರುಳು ಬೇರೆ ಡ್ರಮ್ಮಿಗೆ ಹೋಗುತ್ತವೆ, ಗಾಡಿ ಬಂದು ಒಯ್ಯುತ್ತದೆ. ಕೊಯ್ದ ಕಟ್ಟೆ ತೊಳೆದ ನೀರು ಮಾತ್ರ ಚಪ್ಪಡಿಯ ಕೆಳಗೆ. ಬೀದಿನಾಯಿಗಳಿಗೆ ಆ ಚಪ್ಪಡಿಯ ವಿಳಾಸ ಗೊತ್ತಿದೆ.

ಬೀದಿಯ ನಡುವೆ ಹೊಸ ಮನೆ ಏಳುತ್ತಿದೆ. ಎಂ-ಸ್ಯಾಂಡಿನ ರಾಶಿ ರಸ್ತೆಯ ಅರ್ಧವನ್ನು ಆಕ್ರಮಿಸಿದೆ, ಅದರ ಕಾಲು ಮೋರಿಯ ಮೇಲಿದೆ. ಮಿಕ್ಸರ್ ತೊಳೆದ ಸಿಮೆಂಟ್ ಹಾಲು ಅದೇ ಮೋರಿಗೆ. ಸಿಮೆಂಟು ನೀರಿನಲ್ಲೇ ಗಟ್ಟಿಯಾಗುವ ವಸ್ತು ಎಂಬುದು ಮೇಸ್ತ್ರಿಗೆ ಚೆನ್ನಾಗಿ ಗೊತ್ತು. ಮೂರು ಬಾರಿ ಮೋಲ್ಡ್ ಹಾಕುವಷ್ಟರಲ್ಲಿ ಮೋರಿಯ ಬುಡ ತಳ ಹಿಡಿದ ಮುದ್ದೆ ಪಾತ್ರೆಯಂತಾಗುತ್ತದೆ, ಪಿಕಾಸಿ ಹಾಕಿದರೂ ಏಳುವುದಿಲ್ಲ. ಮೇಲಿನ ಅಂತಸ್ತಿನಲ್ಲಿ ಗ್ರಾನೈಟ್ ಪಾಲಿಶ್ ಮಾಡಿದ ಬಿಳಿ ಕೆಸರು, ಸೈಟಿನ ಮೂಲೆಯಲ್ಲಿ ಬೋರ್‌ವೆಲ್ ಕೊರೆದರಂತೂ ಬಂಡೆಯ ಪುಡಿಯೆಲ್ಲ ಬೂದು ಬಣ್ಣದ ಪಾಯಸವಾಗಿ ಇಡೀ ಬೀದಿಗೆ. ಕಟ್ಟಡ ತ್ಯಾಜ್ಯವನ್ನು ಮಾಲೀಕ ತನ್ನ ಆವರಣದಲ್ಲೇ ಇಟ್ಟುಕೊಳ್ಳಬೇಕು, ಚರಂಡಿಗೆ ಅಡ್ಡಿಯಾಗಕೂಡದು ಎಂದು 2016ರ ಕಟ್ಟಡ ತ್ಯಾಜ್ಯ ನಿಯಮಗಳು ವಿಧಿಸಿದವು. ಆದರೆ ಸೈಟು ಮೂವತ್ತು–ನಲವತ್ತು, ಕಟ್ಟಿದ್ದು ಮೂವತ್ತು–ನಲವತ್ತು. ಇಟ್ಟುಕೊಳ್ಳಲು ಆವರಣವೆಲ್ಲಿದೆ?

ಬೀದಿಯ ಕೊನೆಯ ಮನೆಯ ಮುಂದೆ ಕಾರು ತೊಳೆಯುತ್ತಿದ್ದಾರೆ. ಕೊಳವೆಯ ನೀರು ಚಕ್ರದ ಮಣ್ಣನ್ನೂ ಶ್ಯಾಂಪೂವಿನ ನೊರೆಯನ್ನೂ ಹೊತ್ತು ಮೋರಿಯತ್ತ ಜಾರುತ್ತದೆ. 2024ರ ಮಾರ್ಚ್‌ನಲ್ಲಿ ಊರಿಗೆ ಊರೇ ಟ್ಯಾಂಕರಿಗಾಗಿ ಕಾದಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಆಗ ಎಲ್ಲರೂ ಒದ್ದೆಬಟ್ಟೆಯಲ್ಲಿ ಕಾರು ಒರೆಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾಯಿತು, ಕೊಳವೆ ಮತ್ತೆ ಹೊರಬಂತು.

ಇಷ್ಟೆಲ್ಲ ನೋಡಿದ ಮೇಲೆ ಆ ಬೀದಿಯಲ್ಲಿ ದುಷ್ಟರು ಯಾರೂ ಇಲ್ಲ ಎಂಬುದೂ ತಿಳಿಯುತ್ತದೆ. "ಎಲ್ಲರೂ ಬಿಡ್ತಾರೆ ಸಾರ್, ನಮ್ದೊಂದು ಎಷ್ಟು ಮಹಾ?" ಎನ್ನುವವರೇ ಎಲ್ಲ. ಒಬ್ಬೊಬ್ಬರದೂ ಒಂದೊಂದು ಬಕೆಟ್ಟು. ಆದರೆ 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆ ಬಕೆಟ್ಟಿನ ಲೆಕ್ಕ ಕೇಳುವುದಿಲ್ಲ. ಅದರ 24ನೇ ಕಲಮು ಮಲಿನಗೊಳಿಸುವ ವಸ್ತುವನ್ನು ತಿಳಿದೂ ತಿಳಿದೂ ಜಲಧಾರೆಗೆ ಬಿಡುವುದನ್ನೇ ನಿಷೇಧಿಸುತ್ತದೆ. ಜಲಧಾರೆ ಎಂದರೆ ಯಾವುದು ಎಂಬುದಕ್ಕೂ ಕಾಯ್ದೆ ವ್ಯಾಖ್ಯೆ ಕೊಟ್ಟಿದೆ: ಹರಿಯುತ್ತಿರಲಿ, ಸದ್ಯಕ್ಕೆ ಬತ್ತಿರಲಿ, ನೀರು ಹರಿಯುವ ಪಾತ್ರವೆಲ್ಲ ಅದರಲ್ಲಿ ಸೇರಿದೆ. ಬೇಸಿಗೆಯಲ್ಲಿ ಒಣಗಿರುವ ಕಾಲುವೆ ಖಾಲಿ ಜಾಗವಲ್ಲ ಎಂದು ಐವತ್ತು ವರ್ಷದ ಹಿಂದೆಯೇ ಬರೆದಿಟ್ಟಾಗಿದೆ. 2016ರ ಘನತ್ಯಾಜ್ಯ ನಿಯಮಗಳೂ ಕಸವನ್ನು ಬೀದಿಗಾಗಲಿ, ಚರಂಡಿಗಾಗಲಿ, ಜಲಮೂಲಕ್ಕಾಗಲಿ ಎಸೆಯುವಂತಿಲ್ಲ ಎಂದು ಬಿಡಿಸಿ ಹೇಳಿದವು. ಅದೇ ವರ್ಷದ ಮಾರ್ಚ್‌ನಲ್ಲಿ ಕರ್ನಾಟಕ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. ಮೋರಿಗೆ ಕೈಹಾಕಿದರೆ ಇಂದಿಗೂ ಮೊದಲು ಸಿಗುವುದು ಅದೇ ಚೀಲ.

ನಿಯಮದ ಇನ್ನೊಂದು ಮುಖ ಬಹಳ ಜನಕ್ಕೆ ಗೊತ್ತಿಲ್ಲ. ಮಲಿನ ನೀರು ಮಳೆಗಾಲುವೆಗೆ ಬರಬಾರದು ಎಂಬಷ್ಟೇ ಕಟ್ಟುನಿಟ್ಟಾಗಿ, ಮಳೆನೀರು ಒಳಚರಂಡಿಗೆ ಹೋಗಬಾರದು. ತಾರಸಿಯ ಪೈಪನ್ನು ಹತ್ತಿರದ ಒಳಚರಂಡಿ ಚೇಂಬರಿಗೆ ಸೇರಿಸಿ ಕೈತೊಳೆದುಕೊಂಡ ಮನೆಗಳು ಲೆಕ್ಕವಿಲ್ಲದಷ್ಟಿವೆ. ಒಂದು ಲೆಕ್ಕ ಹಾಕೋಣ. ಮೂವತ್ತು–ನಲವತ್ತು ಸೈಟು ತುಂಬ ಕಟ್ಟಿದ ಮನೆಯ ತಾರಸಿ 1,200 ಚದರಡಿ. ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಸುರಿದರೆ ಆ ತಾರಸಿಯಿಂದ ಇಳಿಯುವುದು ಸುಮಾರು 5,500 ಲೀಟರ್. ನಾಲ್ಕು ಜನರ ಸಂಸಾರ ತಲೆಗೆ ದಿನಕ್ಕೆ 135 ಲೀಟರಿನಂತೆ ಬಳಸಿದರೂ ದಿನಕ್ಕೆ 540 ಲೀಟರ್. ಹತ್ತು ದಿನದ ಬಚ್ಚಲ ನೀರು ಒಂದೇ ಗಂಟೆಯಲ್ಲಿ ಕೊಳವೆಗೆ ನುಗ್ಗಿದಂತಾಯಿತು. ಬೀದಿಯ ಹತ್ತು ಮನೆ ಹೀಗೆ ಮಾಡಿದರೆ ಕೊಳವೆ ತಡೆದುಕೊಳ್ಳುವುದು ಹೇಗೆ? ಮೊದಲು ಮ್ಯಾನ್‌ಹೋಲಿನ ಮುಚ್ಚಳ ಅಲುಗುತ್ತದೆ. ಬಳಿಕ ಅಂಚಿನಿಂದ ನೀರು ಬುಗ್ಗೆಯಾಗುತ್ತದೆ. ತಗ್ಗಿನ ಮನೆಗಳ ಬಚ್ಚಲಿನಲ್ಲಿ ನೀರು ಕೆಳಗಿಳಿಯುವ ಬದಲು ಮೇಲೇರುತ್ತದೆ. ಉಕ್ಕಿದ ಕೊಳಚೆ ರಸ್ತೆಗೆ, ರಸ್ತೆಯಿಂದ ಮೋರಿಗೆ, ಮೋರಿಯಿಂದ ರಾಜಕಾಲುವೆಗೆ. ಎರಡು ದಾರಿ ಬೇರೆ ಮಾಡಿದ ಶ್ರಮವೆಲ್ಲ ಒಂದು ಮಳೆಗೆ ಕೊಚ್ಚಿಹೋಯಿತು.

ಹಾಗಾದರೆ ತಾರಸಿಯ ನೀರು ಎಲ್ಲಿಗೆ ಹೋಗಬೇಕು? ಮೊದಲು ಮನೆಯ ಸಂಪಿಗೆ, ಇಲ್ಲವೇ ಇಂಗುಗುಂಡಿಗೆ, ಮಿಕ್ಕಿದ್ದು ಮೋರಿಗೆ. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು, ಹೊಸದಾಗಿ ಕಟ್ಟುವ ಮೂವತ್ತು–ನಲವತ್ತು ಸೈಟಿನ ಮನೆಗೂ, ಅದಾಗಲೇ ಇದ್ದ ನಲವತ್ತು–ಅರವತ್ತು ಸೈಟಿನ ಮನೆಗೂ ಮಳೆನೀರು ಸಂಗ್ರಹ ಕಡ್ಡಾಯ ಮಾಡಲಾಯಿತು. ಕುಡಿಯುವ ನೀರನ್ನು ಸುಮಾರು 100 ಕಿ.ಮೀ. ದೂರದ ಕಾವೇರಿಯಿಂದ ಎತ್ತಿ ತರುವ ಊರಿಗೆ ತಲೆಯ ಮೇಲೆ ಬೀಳುವ ನೀರನ್ನು ಹಿಡಿದಿಡಿ ಎಂದು ಕಾಯ್ದೆ ಮಾಡಬೇಕಾಗಿ ಬಂತು.

ಮುಂಗಾರಿಗೆ ಮೊದಲು ಹೂಳೆತ್ತುವ ಸಂಭ್ರಮ. ರಾಜಕಾಲುವೆಯ ಅಂಚಿಗೆ ಹಿಟಾಚಿ ಬಂದು ನಿಲ್ಲುತ್ತದೆ. ಬಕೆಟ್ ಕಾಲುವೆಗಿಳಿದು ಮೇಲೆದ್ದಾಗ ಜೊತೆಗೆ ಬರುವ ವಸ್ತುಗಳ ಪಟ್ಟಿ ಮಾಡಿದರೆ ಊರಿನ ಒಂದು ವರ್ಷದ ಜೀವನಚರಿತ್ರೆಯೇ ಸಿಕ್ಕೀತು: ಹಾಸಿಗೆ, ಹರಿದ ಸೋಫಾ, ಹೆಲ್ಮೆಟ್ಟು, ತೆಂಗಿನ ಚಿಪ್ಪು, ದೇವರ ಪಟದ ಗಾಜು, ಥರ್ಮೋಕೋಲು, ಎಳನೀರಿನ ಬುರುಡೆ, ಮಗುವಿನ ಡೈಪರು. ಎಲ್ಲಕ್ಕೂ ಮಸಿಯಂಥ ಕಪ್ಪು ಹೂಳಿನ ಲೇಪ. ಸೇತುವೆಯ ಎರಡೂ ಬದಿಗೆ ಆಳೆತ್ತರದ ತಂತಿ ಬಲೆ ಕಟ್ಟಿದ್ದಾರೆ, ಕಸ ಎಸೆಯದಿರಲೆಂದು. ಬಲೆಯ ಮೇಲಿಂದ ಹಾಯಿಸಿ ಎಸೆದ ಕವರುಗಳಲ್ಲಿ ಒಂದೆರಡು ತುದಿಯ ಮುಳ್ಳಿಗೆ ಸಿಕ್ಕಿ ಇನ್ನೂ ನೇತಾಡುತ್ತಿವೆ. ಎತ್ತಿದ ಹೂಳನ್ನು ತಕ್ಷಣ ಸಾಗಿಸದೆ ದಡದ ಮೇಲೇ ರಾಶಿ ಹಾಕಿದರೆ, ಮೊದಲ ಮಳೆ ಅದನ್ನು ಯಾವ ಟೆಂಡರೂ ಇಲ್ಲದೆ ಮತ್ತೆ ಕಾಲುವೆಗೆ ಇಳಿಸುತ್ತದೆ.

ಆ ಮಳೆ ಬರುವುದು ಸಾಮಾನ್ಯವಾಗಿ ಸಂಜೆಗೆ. ಮಧ್ಯಾಹ್ನದವರೆಗೆ ಉರಿಬಿಸಿಲು, ನಾಲ್ಕಕ್ಕೆ ಮೋಡ, ಐದಕ್ಕೆ ಗುಡುಗು. ಹನಿಗಳು ಟಾರಿನ ಮೇಲೆ ಹೊಗೆಯೆಬ್ಬಿಸುತ್ತ ಬೀಳುತ್ತವೆ. ಮೊದಲ ಹತ್ತು ನಿಮಿಷ ನೀರು ಹೊತ್ತೊಯ್ಯುವುದು ರಸ್ತೆಯ ಆಯಿಲು, ಟೈರಿನ ಪುಡಿ, ದೂಳು, ಸಿಗರೇಟಿನ ತುಂಡು, ಗುಟ್ಕಾದ ಚೀಟಿ. ಜಾಲರಿಗಳ ಮೇಲೆ ಎಲೆ ಮತ್ತು ಪ್ಲಾಸ್ಟಿಕ್ ಚಾಪೆ ಹಾಸಿಕೊಳ್ಳುತ್ತದೆ; ರಸ್ತೆಯೇ ಕಾಲುವೆಯಾಗುತ್ತದೆ. ಬೈಕಿನವರು ಮೇಲ್ಸೇತುವೆಯ ಕೆಳಗೆ ಗುಂಪಾಗುತ್ತಾರೆ. ಯಾರೋ ಒಬ್ಬರು ಪ್ಯಾಂಟು ಮೇಲೆ ಮಡಚಿ, ಮೊಣಕಾಲುದ್ದದ ನೀರಿಗಿಳಿದು, ಕೋಲಿನಿಂದ ಜಾಲರಿ ಕೆದಕುತ್ತಾರೆ. ಗುಳುಗುಳು ಸದ್ದು ಮಾಡಿ ಸುಳಿಯೊಂದು ಏಳುತ್ತದೆ, ನೀರು ಇಳಿಯತೊಡಗುತ್ತದೆ. ಕೆಳಗೆ ಸಿಗುವುದು ಒಂದು ಚಿಪ್ಸ್ ಪೊಟ್ಟಣ, ಒಂದು ನೀರಿನ ಬಾಟಲಿ.

2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಕೋಲು ಸಾಲಲಿಲ್ಲ. ಒಂದೇ ರಾತ್ರಿ ನಗರದಲ್ಲಿ 130 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಹೊರವರ್ತುಲ ರಸ್ತೆ ಕೆರೆಯಾಯಿತು, ಕೋಟ್ಯಂತರ ಬೆಲೆಯ ವಿಲ್ಲಾಗಳ ಬಡಾವಣೆಗೆ ದೋಣಿಗಳು ಬಂದವು, ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದರು. ಒತ್ತುವರಿ ತೆರವಿನ ಜೆಸಿಬಿಗಳು ಆಗ ಸುದ್ದಿಯಾದವು. ಒತ್ತುವರಿ ಕಣ್ಣಿಗೆ ಕಾಣುತ್ತದೆ, ಸರ್ವೆ ನಂಬರು ಸಿಗುತ್ತದೆ. ದಿನವೂ ಕಾಲುವೆಗೆ ಇಳಿದು, ಹೂಳಾಗಿ, ಅದರ ಆಳವನ್ನು ತಿಂದ ವಸ್ತುಗಳಿಗೆ ಸರ್ವೆ ನಂಬರಿಲ್ಲ. ಒತ್ತುವರಿ ಅಗಲವನ್ನು ಕದಿಯುತ್ತದೆ, ಹೂಳು ಆಳವನ್ನು. ನೀರಿಗೆ ಎರಡೂ ಒಂದೇ.

ಮಳೆ ನಿಂತ ಮೇಲೆ ಕಾಲುವೆ ಎಲ್ಲಿಗೆ ಹೋಯಿತೆಂದು ಮೇಲಿನ ಬೀದಿಯವರು ಕೇಳುವುದಿಲ್ಲ. ಕೋರಮಂಗಲ ಕಣಿವೆಯ ನೀರು ಬೆಳ್ಳಂದೂರು ಕೆರೆಗೆ ಹೋಗುತ್ತದೆ, ಅಲ್ಲಿಂದ ವರ್ತೂರು ಕೆರೆಗೆ. 900 ಎಕರೆ ಆಸುಪಾಸಿನ ಬೆಳ್ಳಂದೂರು ಕೆರೆ 2015ರಲ್ಲಿ, 2017ರಲ್ಲಿ, 2018ರಲ್ಲಿ ಹೊತ್ತಿ ಉರಿದ ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಬೆಂಕಿಗಿಂತ ನಿತ್ಯದ ಕಾಟ ನೊರೆಯದು. ಕೋಡಿಯಲ್ಲಿ ಧುಮುಕುವ ನೀರು ಬೆಳ್ಳಗೆ ಉಬ್ಬಿ, ಆಳೆತ್ತರ ಬೆಳೆದು, ಗಾಳಿಗೆ ಮುದ್ದೆಮುದ್ದೆಯಾಗಿ ಹಾರಿ ರಸ್ತೆಯ ಮೇಲಿನ ಸ್ಕೂಟರುಗಳ ಮೇಲೆ ಕೂತಿದ್ದನ್ನು ಆ ಭಾಗದವರು ಮರೆತಿಲ್ಲ. ಮಳೆ ಬಂದಾಗಲೇ ನೊರೆ ಏಕೆ ಹೆಚ್ಚುತ್ತದೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಹುಡುಕಿದ್ದಾರೆ. ಬಟ್ಟೆ–ಪಾತ್ರೆ ತೊಳೆಯುವ ಪುಡಿಗಳಲ್ಲಿನ ನೊರೆಕಾರಕ ಅಂಶ ಕೆರೆಯ ತಳದ ಕೆಸರಿಗೆ ಅಂಟಿ ಕೂತಿರುತ್ತದೆ. ಜೋರು ಮಳೆಯ ನೀರು ನುಗ್ಗಿ ಕೆಸರನ್ನು ಕಲಕಿದಾಗ ಅದು ಒಮ್ಮೆಗೇ ಮೇಲೇಳುತ್ತದೆ, ಕೋಡಿಯಲ್ಲಿ ಗಾಳಿ ಬೆರೆತು ನೊರೆಯಾಗುತ್ತದೆ. ದರ್ಶಿನಿಯ ಹಿಂದಿನ ಓಣಿಯಲ್ಲಿ ಚೆಲ್ಲಿದ್ದು ಕಳೆದುಹೋಗಿರಲಿಲ್ಲ, ಕಾಯುತ್ತಿತ್ತು.

ಪಡುವಣ ಕಡೆಯ ಕಥೆ ಇನ್ನೂ ಹಳೆಯದು. ಬಸವನಗುಡಿಯ ದೊಡ್ಡಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಜನ ನಂಬುವ ವೃಷಭಾವತಿ, ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯನ್ನು ಬಳಸಿ, ಕೆಂಗೇರಿ ದಾಟಿ, ಬಿಡದಿ ಬಳಿಯ ಬೈರಮಂಗಲ ಕೆರೆ ಸೇರುತ್ತಾಳೆ. ಮೈಸೂರಿಗೆ ಹೋಗುವ ಬಸ್ಸಿನವರು ಕಿಟಕಿ ಎಳೆದುಕೊಳ್ಳುವುದು ಈ ದಾರಿಯಲ್ಲೇ. ನಗರದ ಬಚ್ಚಲು ನೀರೂ ಕಾರ್ಖಾನೆಗಳ ನೀರೂ ಬೆರೆತು ಬರುವ ಈ ಹೊಳೆ ಬೈರಮಂಗಲದ ರೈತರ ಪಾಲಿಗೆ ನೀರಾವರಿಯ ನೀರು. ವರ್ಷವಿಡೀ ಬತ್ತದ ನೀರು ಸಿಕ್ಕಿತು ನಿಜ. ಅದರಿಂದ ಏನು ಬೆಳೆಯಬಹುದು, ಏನು ಬೆಳೆಯಬಾರದು ಎಂಬ ಆಯ್ಕೆ ಕೈತಪ್ಪಿತು. ಅಲ್ಲಿ ಬೆಳೆದ ಮೇವು ತಿಂದ ಹಸುವಿನ ಹಾಲು ಬೆಂಗಳೂರಿನ ಬೀದಿಗೇ ಮರಳಿ ಬರುತ್ತದೆ. ಇಳಿಜಾರಿನ ಮೇಲಿದ್ದವರು ಬಿಟ್ಟದ್ದನ್ನು ಕೆಳಗಿದ್ದವರು ಉಣ್ಣುವ ವ್ಯವಸ್ಥೆ ಕೊನೆಗೆ ಮೇಲಿನವರ ಲೋಟಕ್ಕೂ ಬಂತು.

ಇದನ್ನು ತಡೆಯುವವರಾರು? ಮೋರಿ ಮತ್ತು ರಾಜಕಾಲುವೆ ಪಾಲಿಕೆಯದು. 2025ರ ಸೆಪ್ಟೆಂಬರಿನಿಂದ ನಗರಕ್ಕೆ ಐದು ಪಾಲಿಕೆಗಳು, ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಒಳಚರಂಡಿ ಜಲಮಂಡಳಿಯದು. ಕಾರ್ಖಾನೆ ಮತ್ತು ದೊಡ್ಡ ಅಪಾರ್ಟ್‌ಮೆಂಟುಗಳ ಶುದ್ಧೀಕರಣ ಘಟಕದ ಮೇಲ್ವಿಚಾರಣೆ ಮಾಲಿನ್ಯ ನಿಯಂತ್ರಣ ಮಂಡಳಿಯದು. ಹಿತ್ತಿಲ ನಾಲ್ಕಿಂಚಿನ ಪೈಪು ಈ ಮೂರರ ನಡುವಿನ ಸಂದಿಯಲ್ಲಿ ಬೆಚ್ಚಗಿರುತ್ತದೆ. ನೋಟಿಸು ಕೊಡಬೇಕಾದವರು ಯಾರೆಂದು ತೀರ್ಮಾನವಾಗುವಷ್ಟರಲ್ಲಿ ಇನ್ನೊಂದು ಮುಂಗಾರು ಬಂದಿರುತ್ತದೆ.

ಆಗದ ಕೆಲಸವಲ್ಲ ಎಂಬುದಕ್ಕೂ ನಿದರ್ಶನ ಕೋರಮಂಗಲ ಕಣಿವೆಯಲ್ಲೇ ಇದೆ. ಮೆಜೆಸ್ಟಿಕ್ ಕಡೆಯಿಂದ ಶಾಂತಿನಗರ, ಕೋರಮಂಗಲದ ಮೂಲಕ ಬೆಳ್ಳಂದೂರಿಗೆ ಸಾಗುವ ಕಾಲುವೆಗೆ ಕೆ-100 ಎಂಬ ಹೆಸರಿಟ್ಟು ಪುನಶ್ಚೇತನಕ್ಕೆ ಕೈಹಾಕಲಾಯಿತು. ಯೋಜನೆಯ ಮೊದಲ ಕೆಲಸ ಗಿಡ ನೆಡುವುದೂ ಅಲ್ಲ, ಬೆಂಚು ಹಾಕುವುದೂ ಅಲ್ಲ. ಕಾಲುವೆಗೆ ಬಾಯಿ ಬಿಟ್ಟಿರುವ ಕೊಳಚೆ ಪೈಪುಗಳನ್ನು ಹುಡುಕಿ ಒಳಚರಂಡಿಗೆ ತಿರುಗಿಸುವುದು. ಕೆಲಸ ನಿಧಾನ, ವೆಚ್ಚದ ಬಗ್ಗೆ, ಗುಣಮಟ್ಟದ ಬಗ್ಗೆ ಟೀಕೆಗಳೂ ಇವೆ. ಆದರೂ ನಡಿಗೆದಾರಿ ಆದ ಕಡೆ ಜನ ಕಾಲುವೆಯ ದಡದಲ್ಲಿ ನಡೆದಾಡಿದ್ದಾರೆ. ಮನೆಯ ಬೆನ್ನು ಕಾಲುವೆಗಿದ್ದಾಗ ಅದು ಕಸದ ತೊಟ್ಟಿ. ಮುಖ ಕಾಲುವೆಗೆ ತಿರುಗಿದರೆ ಎಸೆಯುವ ಕೈ ಹಿಂಜರಿಯುತ್ತದೆ. ದಂಡಕ್ಕಿಂತ ನಾಲ್ಕು ಜನರ ಕಣ್ಣಿಗೆ ಹೆದರುವವರು ನಾವು.

ಪಾಲಿಕೆ ಗೋಡೆ ಕಟ್ಟಲಿ, ಜಲಮಂಡಳಿ ಕೊಳವೆ ಹಾಕಲಿ, ಮಾಲಿನ್ಯ ನಿಯಂತ್ರಣ ಮಂಡಳಿ ದಂಡ ಹಾಕಲಿ, ಹಾಕಲೇಬೇಕು. ಅದರ ಜೊತೆಗೆ, ಓದುಗರೇ, ಈ ಭಾನುವಾರ ಒಂದು ಕೆಲಸ ಮಾಡಿ. ನಿಮ್ಮ ಮನೆಯ ತಾರಸಿಯಿಂದ ಇಳಿಯುವ ಪೈಪು ಎಲ್ಲಿ ಕೊನೆಯಾಗುತ್ತದೆ ನೋಡಿ. ಚೇಂಬರಿಗೆ ಸೇರಿದ್ದರೆ ಬಿಡಿಸಿ, ಸಂಪಿಗೋ ಇಂಗುಗುಂಡಿಗೋ ತಿರುಗಿಸಿ. ವಾಷಿಂಗ್ ಮಷೀನಿನ, ಅಡುಗೆಮನೆಯ ಪೈಪು ಎಲ್ಲಿಗೆ ಹೋಗಿದೆ ನೋಡಿ. ಮೋರಿಗೆ ಬಿಟ್ಟಿದ್ದರೆ ಪ್ಲಂಬರನ್ನು ಕರೆಸಿ ಒಳಚರಂಡಿಗೆ ಸೇರಿಸಿ. ಮನೆ ಕಟ್ಟಿಸುತ್ತಿದ್ದರೆ ಮಿಕ್ಸರ್ ತೊಳೆಯಲು ಸೈಟಿನೊಳಗೇ ಒಂದು ಗುಂಡಿ ತೆಗೆಸಿ, ಮೇಸ್ತ್ರಿಗೆ ಮೊದಲೇ ಹೇಳಿ. ಬೀದಿ ಬದಿಯ ಜಾಲರಿಯೊಳಕ್ಕೆ ಮಳೆಯ ಹೊರತು ಬೇರೇನೂ ಇಳಿಯಕೂಡದು. ಇಷ್ಟೇ ನಿಯಮ. ಅದನ್ನು ಪಾಲಿಸಲು ಯಾವ ಅಧಿಕಾರಿಯ ಅಪ್ಪಣೆಯೂ ಬೇಕಿಲ್ಲ.